ಹೃದಯ, ಎದೆ, ಗುಂಡಿಗೆ, ಕರುಳು: ಪದ್ಯದಲ್ಲಿ, ಕಥೆಯಲ್ಲಿ ಯಾವುದು ಎಲ್ಲಿ?

ಸಂಜೆಮಲ್ಲಿಗೆ

ಒಂದು ಪದ್ಯ ತಿದ್ದಬೇಕಿದೆ. ಲಯ ಗೊತ್ತಿರುವವರು, ಹಳೆಯ ಕಾವ್ಯ ಓದಿದವರು, ಅನುವಾದ ಮಾಡುವವರು ಎಲ್ಲರೂ ಇಲ್ಲಿರುವುದರಿಂದ ಇಲ್ಲೇ ಹಾಕುತ್ತಿದ್ದೇನೆ.

ನಿನ್ನ ನೆನಪಲಿ ನನ್ನ ಹೃದಯವು
ಒಡೆದು ಚೂರಾಯ್ತು
ಹೃದಯದಾ ಬಾಗಿಲಲಿ ಹೃದಯದ
ದೀಪವಾರಿತ್ತು

ನಾಲ್ಕು ಸಾಲಿನಲ್ಲಿ ಮೂರು ಹೃದಯ. ಓದಿದರೆ ಏನೂ ಆಗುವುದಿಲ್ಲ. ‘ಹೃದಯ’ ತೆಗೆದು ‘ಎದೆ’ ಹಾಕಿದರೆ ಸರಿಹೋಗುತ್ತದೆಯೇ, ಅಥವಾ ರೋಗ ಬೇರೆ ಕಡೆ ಇದೆಯೇ? ‘ಹೃದಯ ಒಡೆಯಿತು’ ಎನ್ನುವುದೇ ಇಂಗ್ಲಿಷಿನಿಂದ ಬಂದದ್ದು, ಕನ್ನಡದ್ದಲ್ಲ ಎಂದೂ ಕೇಳಿದ್ದೇನೆ. ಅದು ನಿಜವೇ?

ಮಾತ್ರೆಗಣ

ಮೊದಲು ಮಾತ್ರೆಯ ಲೆಕ್ಕ: ಹ್ರಸ್ವ ಅಕ್ಷರ ಲಘು, 1 ಮಾತ್ರೆ; ದೀರ್ಘ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, 2 ಮಾತ್ರೆ. ನಿಮ್ಮ ಪದ್ಯ ಮೂರು-ನಾಲ್ಕರ ನಡೆಯಲ್ಲಿದೆ: ನಿನ್ನ (3) ನೆನಪಲಿ (4) ನನ್ನ (3) ಹೃದಯವು (4). ಭಾಮಿನಿ ಷಟ್ಪದಿಯ ನಡೆಯೂ ಇದೇ. ಮೂರನೆಯ ಸಾಲು ಮಾತ್ರ ಕುಂಟುತ್ತಿದೆ. ‘ಹೃದಯದ ಬಾಗಿಲಲಿ’ ಎಂದರೆ ಒಂದು ಮಾತ್ರೆ ಸಾಲದು, ಅದಕ್ಕೇ ‘ಹೃದಯದಾ’ ಎಂದು ಎಳೆದಿದ್ದೀರಿ. ಈ ‘ದಾ’ ಭಾವಗೀತೆ ಬರೆಯುವವರ ಹಳೆಯ ಚಟ. ಷಷ್ಠಿಗೆ ದೀರ್ಘ ಕೊಟ್ಟು ಗಣ ತುಂಬಿಸುವುದು ಹಾಡುವಾಗ ಮುಚ್ಚಿಹೋಗುತ್ತದೆ, ಓದುವಾಗ ಎದ್ದು ಕಾಣುತ್ತದೆ.

ಇನ್ನು ಪದಗಳ ತೂಕ. ಎದೆ: ಎರಡು ಲಘು, 2 ಮಾತ್ರೆ. ಹೃದಯ: 3. ಮನಸು: 3, ಆದರೆ ‘ಮನಸ್ಸು’ ಎಂದು ಬರೆದರೆ ‘ನ’ ಗುರುವಾಗಿ 4. ನಿಸಾರ್ ಅಹಮದ್ ಅವರ 1960ರ ಸಂಕಲನದ ಹೆಸರು ‘ಮನಸು ಗಾಂಧಿ ಬಜಾರು’. ಅಲ್ಲಿ ‘ಮನಸ್ಸು’ ಹಾಕಿ ಒಮ್ಮೆ ಜೋರಾಗಿ ಓದಿ ನೋಡಿ, ಎಡವುತ್ತೀರಿ. ಕರುಳು: 3. ಗುಂಡಿಗೆ: ಗುರು, ಲಘು, ಲಘು, ಒಟ್ಟು 4.

ಎದೆಗೆ ಇನ್ನೊಂದು ಅನುಕೂಲ. ಅದು ಸ್ವರದಿಂದ ಶುರುವಾಗುವುದರಿಂದ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ‘ನನ್ನ ಎದೆ’ 5 ಮಾತ್ರೆ, ‘ನನ್ನೆದೆ’ 4. ಬೇಕಾದಾಗ ಹಿಗ್ಗುತ್ತದೆ, ಬೇಕಾದಾಗ ಕುಗ್ಗುತ್ತದೆ. ‘ಹೃದಯ’ಕ್ಕೆ ಈ ಸವಲತ್ತಿಲ್ಲ.

‘ಹೃ’ ಬಗ್ಗೆ ಒಂದು ಎಚ್ಚರ. ಋ ಸ್ವರ, ಆದ್ದರಿಂದ ‘ಹೃ’ ಒತ್ತಕ್ಷರ ಅಲ್ಲ. ‘ನನ್ನ ಹೃದಯ’ದಲ್ಲಿ ‘ನ್ನ’ ಗುರುವಾಗುವುದಿಲ್ಲ. ‘ಹ್ರದಯ’ ಎಂದು ಬರೆಯುವವರು ಕಾಗುಣಿತ ಮಾತ್ರವಲ್ಲ, ಮಾತ್ರೆಯನ್ನೂ ಕೆಡಿಸುತ್ತಾರೆ. ಸಂಸ್ಕೃತದಲ್ಲಿ ‘ಹ್ರದ’ ಎಂದರೆ ಮಡು. ಪ್ರೇಯಸಿಗೆ ಮಡು ಅರ್ಪಿಸಿದಂತಾಗುತ್ತದೆ.

ತಾಳೆಗರಿ

ಪ್ರಾಸದ ಮಾತೂ ಬರಲಿ. ಎದೆ, ಹೃದಯ ಎರಡರಲ್ಲೂ ಎರಡನೆಯ ಅಕ್ಷರ ‘ದ’, ಎರಡರಲ್ಲೂ ಮೊದಲಕ್ಷರ ಹ್ರಸ್ವ. ಆದಿಪ್ರಾಸಕ್ಕೆ (ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರುವುದು) ಸಂಸ್ಕೃತದ್ದೂ ಕನ್ನಡದ್ದೂ ಹೀಗೆ ಹೊಂದಿಕೊಂಡು ಬಂದಿರುವುದು ಅದೃಷ್ಟ. ಕದ, ನದಿ, ಪದ, ಮದ, ಹದ, ಬದಿ ಎಲ್ಲವೂ ಜೊತೆಗೆ ಸಿಗುತ್ತವೆ. ನಾಗವರ್ಮನ ‘ಛಂದೋಂಬುಧಿ’ಯ ಹೆಸರಿನಲ್ಲಿ ಹೇಳುವುದಾದರೆ ಇದು ಸಿಂಹಪ್ರಾಸ. ‘ವೇದ’, ‘ಮೋದ’ ಇಲ್ಲಿ ಸೇರುವುದಿಲ್ಲ, ಮೊದಲಕ್ಷರ ದೀರ್ಘವಾದ್ದರಿಂದ ಅದು ಗಜಪ್ರಾಸದ ಸಾಲು.

ಅಂದಾಜಿಗೆ ಎರಡು ಸಾಲು:

ಎದೆಯ ಕದವನು ತಟ್ಟಿ ಬಂದವ
ಕದಲದಂತೆಯೆ ನಿಂತನೇತಕೆ

ಮೂರನೆಯ ಸಾಲು ‘ಹೃದಯವೆಂದರೆ…’ ಎಂದು ಶುರುವಾದರೂ ಪ್ರಾಸ ಕೂಡುತ್ತದೆ, 3+4 ಕೂಡ ಕೂಡುತ್ತದೆ. ಕೂಡುತ್ತದೆ ಎಂಬ ಕಾರಣಕ್ಕೇ ಜನ ಅಲ್ಲಿ ಹೃದಯ ತಂದು ಕೂರಿಸುತ್ತಾರೆ ಎನ್ನುವುದು ಬೇರೆ ಮಾತು.

ಹಳಗನ್ನಡದಲ್ಲಿ ಈ ಪದದ ರೂಪ ‘ಎರ್ದೆ’. ಮೊದಲಕ್ಷರ ಗುರುವೆಂದು ಹಿಡಿದರೆ 3 ಮಾತ್ರೆ. (ಶಿಥಿಲದ್ವಿತ್ವದ, ಅಂದರೆ ಒತ್ತಕ್ಷರದ ಹಿಂದಿನ ಅಕ್ಷರ ಕೆಲವೆಡೆ ಲಘುವಾಗಿಯೇ ಉಳಿಯುತ್ತದೆ ಎಂಬ ತಕರಾರು ಎತ್ತುವವರು ಇದ್ದೇ ಇದ್ದೀರಿ. ಅದನ್ನು ಆಯಾ ಪದ್ಯ ಓದಿಯೇ ತೀರ್ಮಾನಿಸಬೇಕು.) ನಡುವಿನ ರೇಫ (ರ್) ಬಿದ್ದು ‘ಎದೆ’ ಆಯಿತು, ಒಂದು ಮಾತ್ರೆ ಸವೆಯಿತು.

ನವಿಲೂರ ಹಾದಿ

ಒಡದ ಎದಿ ಅಂದ್ರ ನಮ್ಮ ಧಾರವಾಡದ ಕಡೆ ಪ್ರೀತಿ ಮುರದದ್ದಲ್ರೀ. ಅಂಜಿಕಿ. ‘ಸುದ್ದಿ ಕೇಳಿ ಎದಿ ಒಡದು ನೀರಾತು’ ಅಂತಾರ, ಅಲ್ಲೆ ಪ್ರೇಯಸಿ ಗೀಯಸಿ ಯಾರೂ ಇರೂದಿಲ್ಲ. ಹಾವು ಕಂಡ್ರ, ರಾತ್ರಿ ಹೊತ್ತಿನ್ಯಾಗ ಪೊಲೀಸರು ಕದಾ ಬಡದ್ರ ಎದಿ ಒಡೀತದ. ಪ್ರೀತಿ ಕೆಟ್ರ ಮನಸ್ಸು ಮುರೀತದ. ಮಕ್ಕಳ ದುಃಖಾ ಕಂಡ್ರ ಕರುಳು ಚುರ್ ಅಂತದ. ಮಂದಿ ಉದ್ಧಾರ ಆದ್ರ ಹೊಟ್ಟಿ ಉರೀತದ. ಒಂದೊಂದು ದುಃಖಕ್ಕ ಒಂದೊಂದು ಅಂಗ ಐತಿ. ನೀವು ಎಲ್ಲಾನೂ ತಂದು ಒಂದs ಹೃದಯದಾಗ ತುರುಕಿದ್ರ ಅದು ಒಡೀದs ಇನ್ನೇನ್ ಮಾಡ್ತದ?

ಸಂಜೆಮಲ್ಲಿಗೆ

‘ಒಂದೊಂದು ದುಃಖಕ್ಕೆ ಒಂದೊಂದು ಅಂಗ’. ಇದನ್ನು ಇಟ್ಟುಕೊಂಡೆ. ಹಾಗಾದರೆ ನನ್ನ ಪದ್ಯದ ದುಃಖ ಯಾವ ಅಂಗದ್ದು?

ಅನುವಾದದ ಕೋಣೆ

ಅದನ್ನು ನೀವೇ ಹೇಳಬೇಕು ಮೇಡಂ. ಪದ್ಯದಲ್ಲಿ ಸುಳಿವಿಲ್ಲ, ಅದೇ ಅದರ ತೊಂದರೆ.

ನವಿಲೂರರ ಮಾತನ್ನು ಅನುವಾದದ ಕಡೆಯಿಂದ ಮುಂದುವರಿಸುತ್ತೇನೆ. ಇಂಗ್ಲಿಷಿನಲ್ಲಿ ‘ಹಾರ್ಟ್’ ಬಂದಲ್ಲೆಲ್ಲ ‘ಹೃದಯ’ ಬರೆದರೆ ಕನ್ನಡ ಸಾಯುತ್ತದೆ. ಪಾಠ ಕಲಿಯುವುದನ್ನೇ ನೋಡಿ. ‘ಬೈಹಾರ್ಟ್ ಮಾಡು’ ಅಂತ ಮಕ್ಕಳಿಗೆ ನಾವೂ ಹೇಳುತ್ತೇವೆ. ಕನ್ನಡದಲ್ಲಿ ಅದು ಬಾಯಿಪಾಠ, ಇಲ್ಲವೇ ಕಂಠಪಾಠ. ಅವರಿಗೆ ಪಾಠ ಇರುವುದು ಹೃದಯದಲ್ಲಿ, ನಮಗೆ ಬಾಯಲ್ಲಿ, ಗಂಟಲಲ್ಲಿ. ವಿಷಯದ ‘ಹಾರ್ಟ್’ ನಮಗೆ ತಿರುಳು. ಊರಿನ ‘ಹಾರ್ಟ್’ ನಡುಮಧ್ಯ. ‘ಹಾರ್ಟ್’ ಕಳೆದುಕೊಳ್ಳುವುದು ಎದೆಗುಂದುವುದು. ‘ಹಾರ್ಟ್’ ಬಾಯಿಗೆ ಬಂದರೆ ನಮಗೆ ಜೀವ ಬಾಯಿಗೆ ಬಂದಿತು. ‘ಹಾರ್ಟ್’ ಬದಲಾದರೆ ಮನಸ್ಸು ಬದಲಾಯಿತು. ಇಷ್ಟರಲ್ಲಿ ಒಂದು ಕಡೆಯೂ ‘ಹೃದಯ’ ಬೇಕಾಗಲಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ನಷ್ಟ ಇದೆ. ಬಾನು ಮುಷ್ತಾಕ್ ಅವರ ಕಥೆ ‘ಎದೆಯ ಹಣತೆ’ ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಯಿತು, ಅದೇ ಹೆಸರಿನ ಸಂಕಲನಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಶೀರ್ಷಿಕೆಯಾಗಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ‘ಎದೆ’ ಹಾಲೂಡುವ ಎದೆಯೂ ಹೌದು, ಮಗುವನ್ನು ಅವಚಿಕೊಳ್ಳುವ ಎದೆಯೂ ಹೌದು, ಧೈರ್ಯವೂ ಹೌದು. ತಾಯಿಯೊಬ್ಬಳ ಕಥೆಗೆ ಆ ಮೂರೂ ಒಂದೇ ಪದದೊಳಗೆ ಬಂದು ಕೂರುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಮೂರು ಪದ ಬೇಕು, ಒಂದನ್ನು ಆರಿಸಬೇಕು. ಹಣತೆಯ ಮಣ್ಣೂ ‘ಲ್ಯಾಂಪ್’ನಲ್ಲಿ ಉಳಿಯುವುದಿಲ್ಲ.

ಕಪ್ಪೆಚಿಪ್ಪು

ಬಾಯಿಪಾಠ ಸರಿ. ಆದರೆ ‘ಎದೆ ಸೀಳಿದರೂ ಎರಡಕ್ಷರ ಇಲ್ಲ’ ಎಂಬ ಬೈಗುಳವೂ ಕನ್ನಡದ್ದೇ ಅಲ್ಲವೇ? ಅಂದರೆ ಕಲಿತ ಅಕ್ಷರ ಕೊನೆಗೆ ಇರುವುದು ಎದೆಯೊಳಗೆ. ದೇವನೂರ ಮಹಾದೇವ ಅವರ ‘ಎದೆಗೆ ಬಿದ್ದ ಅಕ್ಷರ’ ಎಂಬ ಹೆಸರು ಅಷ್ಟು ಬೇಗ ಜನರ ಬಾಯಿಗೆ ಬಂದದ್ದು ಈ ಬೈಗುಳವನ್ನು ತಿರುಗಿಸಿ ಹಾಕಿದಂತಿರುವುದಕ್ಕೂ ಇರಬಹುದು. ಒಪ್ಪಿಸುವ ಪಾಠ ಬಾಯಲ್ಲಿ, ದಕ್ಕಿದ ವಿದ್ಯೆ ಎದೆಯಲ್ಲಿ. ಎರಡನ್ನೂ ಕನ್ನಡ ಬೇರೆ ಬೇರೆ ಇಟ್ಟಿದೆ.

ಅನುವಾದದ ಕೋಣೆ

ಒಪ್ಪಿದೆ. ನನ್ನ ವಾಕ್ಯ ತುಸು ಅವಸರದ್ದಾಯಿತು.

ತಾಳೆಗರಿ

ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಯಾರೂ ಕೈಹಾಕಲಿಲ್ಲ. ‘ಹೃದಯ ಒಡೆಯಿತು’ ಇಂಗ್ಲಿಷಿನದು ಎನ್ನುವುದು ಅರ್ಧ ಸತ್ಯ. ಭವಭೂತಿಯ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ರಾಮ ಹೇಳುತ್ತಾನೆ: ಹೃದಯ ಬಿರಿಯುತ್ತಿದೆ, ಆದರೆ ಎರಡಾಗಿ ಒಡೆಯುತ್ತಿಲ್ಲ. ಎಂಟನೆಯ ಶತಮಾನದ ಕವಿ. ಹೆಂಡತಿಯನ್ನು ಕಾಡಿಗೆ ಅಟ್ಟಿದವನ ದುಃಖಕ್ಕೆ ಹೃದಯವನ್ನೇ ತಂದಿದ್ದಾನೆ, ಬಿರುಕನ್ನೂ ತಂದಿದ್ದಾನೆ. ಹಾಗಾಗಿ ಬಿರಿಯುವ ಹೃದಯ ನಮ್ಮ ಕಾವ್ಯಪರಂಪರೆಗೆ ಹೊರಗಿನದಲ್ಲ.

ಆದರೆ ಅಲ್ಲಿನ ಬಲ ಎಲ್ಲಿದೆ ನೋಡಿ. ಒಡೆದದ್ದರಲ್ಲಿ ಅಲ್ಲ, ಒಡೆಯದೆ ಉಳಿದದ್ದರಲ್ಲಿ. ಒಡೆದುಬಿಟ್ಟಿದ್ದರೆ ದುಃಖ ಮುಗಿಯುತ್ತಿತ್ತು. ಅದೇ ರೀತಿ ಮುಂದುವರಿಯುತ್ತದೆ ಆ ಪದ್ಯ: ಮೈ ಮರೆಯುತ್ತದೆ, ಪ್ರಜ್ಞೆ ಹೋಗುವುದಿಲ್ಲ, ಒಳಗೆ ಸುಡುತ್ತದೆ, ಬೂದಿಯಾಗುವುದಿಲ್ಲ. ನಿಮ್ಮ ಪದ್ಯದಲ್ಲಿ ಎರಡನೆಯ ಸಾಲಿಗೇ ಹೃದಯ ಚೂರಾಗಿ ಆಯಿತು. ಆಮೇಲೆ ಅದಕ್ಕೆ ಬಾಗಿಲು ಎಲ್ಲಿಂದ ಬರಬೇಕು, ದೀಪ ಎಲ್ಲಿ ಇಡಬೇಕು?

ಮಾತ್ರೆಗಣ

ಅದು. ಲೆಕ್ಕ ಸರಿಮಾಡಿಕೊಟ್ಟರೂ ಪದ್ಯ ಏಳುವುದಿಲ್ಲ ಎಂದು ನಾನು ಹೇಳಲು ಹೊರಟಿದ್ದೆ. ಗಾಜು, ಮನೆ, ಹಣತೆ, ಮೂರು ರೂಪಕ ಒಂದರ ಕಾಲನ್ನು ಇನ್ನೊಂದು ತುಳಿಯುತ್ತಿವೆ. ‘ಚೂರು’ ಆಗುವುದು ಗಾಜು, ಬಳೆ, ಮಡಕೆ. ಎದೆಗೆ ಕನ್ನಡದಲ್ಲಿ ಒಗ್ಗುವ ಕ್ರಿಯಾಪದ ‘ಬಿರಿ’. ಆ ಪದಕ್ಕೆ ಒಂದು ಸೊಗಸಿದೆ: ನೆಲವೂ ಬಿರಿಯುತ್ತದೆ, ಮೊಗ್ಗೂ ಬಿರಿಯುತ್ತದೆ. ಯಾವ ಬಿರಿತ ಎಂದು ಓದುಗ ಒಂದು ಕ್ಷಣ ತಡೆಯುವಂತೆ ಬರೆಯಬಹುದು. ‘ಒಡೆ’, ‘ಚೂರಾಗು’ಗಳಲ್ಲಿ ಆ ಅವಕಾಶ ಇಲ್ಲ.

ತಾಳೆಗರಿ

ಕ್ರಿಯಾಪದ ಎಂದಾಗ ನೆನಪಾಯಿತು, ‘ಬಗೆ’. ಭೀಮ ದುಶ್ಶಾಸನನ ಎದೆ ‘ಬಗೆದ’ ಎನ್ನುತ್ತೇವೆ. ಅದೇ ‘ಬಗೆ’ ಎಂದರೆ ಎಣಿಸು, ತಿಳಿ. ನಾಮಪದವಾದರೆ ಮನಸ್ಸು, ಅಭಿಪ್ರಾಯ: ಬಗೆಗಣ್ಣು ಎಂದರೆ ಒಳಗಣ್ಣು. ಸೀಳುವುದಕ್ಕೂ ಯೋಚಿಸುವುದಕ್ಕೂ ಒಂದೇ ಸದ್ದು. ಎದೆಯ ಪಕ್ಕದಲ್ಲಿ ಇದನ್ನಿಟ್ಟು ಆಡಿದವರು ಈಚೆಗೆ ಕಡಿಮೆ.

ಹೊಳೆದಂಡೆ

ಗುಂಡಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ಪೌರುಷದ ಪದ ಎಂದು ಸಿನಿಮಾ ಡೈಲಾಗಿನವರು ಹೈಜಾಕ್ ಮಾಡಿದ್ದಾರೆ: ‘ಗುಂಡಿಗೆ ಇದ್ದರೆ ಬಾ’. ಕಾವ್ಯದಲ್ಲಿ ಬಳಸಬಹುದೇ?

ಮಾತ್ರೆಗಣ

ಬಳಸಿ ತೋರಿಸಿದವರು ಇದ್ದಾರೆ, ಪುಣ್ಯಕೋಟಿಯ ಹಾಡಿನವರು. ಶಾಲೆಯಲ್ಲಿ ಎಲ್ಲರೂ ಹಾಡಿದ್ದು:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿರಕ್ತವಿದೆಕೋ

ಗಣ ಬಿಡಿಸಿ: ಖಂಡ (3) ವಿದೆಕೋ (4) ಮಾಂಸ (3) ವಿದೆಕೋ (4). ಗುಂಡಿ (3) ಗೆಯ ಬಿಸಿ (4) ರಕ್ತ (3) ವಿದೆಕೋ (4). ಮುಂದಿನ ಸಾಲುಗಳು ‘ಚಂಡ’, ‘ಉಂಡು’ ಎಂದು ಅದೇ ಪ್ರಾಸ ಹಿಡಿದು ಹೋಗುತ್ತವೆ. ಬಿಂದು ಇರುವುದರಿಂದ ಇದು ವೃಷಭಪ್ರಾಸ. ಈಗ ಅಲ್ಲಿ ‘ಹೃದಯ’ ಹಾಕಿ: ‘ಹೃದಯದ ಬಿಸಿರಕ್ತ’. ಹೃದಯ (3) ದ ಬಿಸಿ (3), ಒಂದು ಮಾತ್ರೆ ಕೊರತೆ, ಪ್ರಾಸವೂ ಹೋಯಿತು. ‘ಎದೆಯ ಬಿಸಿಬಿಸಿ ರಕ್ತವಿದೆಕೋ’ ಎಂದರೆ ಲೆಕ್ಕ ಕೂಡುತ್ತದೆ, ಪ್ರಾಸ ಕೂಡುವುದಿಲ್ಲ. ಅರ್ಥವಂತೂ ಪೂರ್ತಿ ಹಾಳು.

ಯಾಕೆ ಹಾಳು ಎಂದರೆ, ಹಸು ಅಲ್ಲಿ ತನ್ನ ಮೈಯನ್ನು ಆಹಾರದ ಲೆಕ್ಕದಲ್ಲಿ ಹೇಳುತ್ತಿದೆ. ಖಂಡ, ಮಾಂಸ, ಗುಂಡಿಗೆ. ಹುಲಿ ತಿನ್ನುವುದು ಗುಂಡಿಗೆಯನ್ನು, ಹೃದಯವನ್ನಲ್ಲ. ‘ಹೃದಯ’ ಎಂದ ತಕ್ಷಣ ಅದು ಪ್ರೀತಿ, ಕರುಣೆ ಎಂದೆಲ್ಲ ಆಗುತ್ತದೆ, ತಟ್ಟೆಯಲ್ಲಿ ಇಡುವಂತಿರುವುದಿಲ್ಲ. ಗುಂಡಿಗೆ ಅಂಗಡಿಯಲ್ಲಿ ತೂಗಿ ಕೊಡುವ ವಸ್ತು. ಆ ಒರಟುತನವೇ ಸಾಲಿನ ಜೀವ.

ಕಪ್ಪೆಚಿಪ್ಪು

ಇನ್ನೊಂದು ಗಮನಿಸಿ. ಅಷ್ಟು ದೊಡ್ಡ ಮನಪರಿವರ್ತನೆಯ ಕಥೆಯಲ್ಲಿ ಹುಲಿಯ ಎದೆ ಕರಗಿತು ಎಂದು ನಿಂತು ವರ್ಣಿಸುವ ಗೋಜಿಗೆ ಹಾಡು ಹೋಗುವುದಿಲ್ಲ. ಹುಲಿ ಕಣ್ಣೀರು ಹಾಕುತ್ತದೆ, ನೆಗೆದು ಪ್ರಾಣ ಬಿಡುತ್ತದೆ. ಅಷ್ಟೇ.

ವಚನಕಾರರಲ್ಲೂ ಹೀಗೊಂದು ಮೌನ ಇದೆ. ಬಸವಣ್ಣನವರ ದೇಹ-ದೇಗುಲದ ವಚನ ಎಲ್ಲರಿಗೂ ಗೊತ್ತು. ಕಾಲು ಕಂಬ, ದೇಹ ದೇಗುಲ, ಶಿರ ಹೊನ್ನ ಕಳಸ. ಗರ್ಭಗುಡಿ ಎಲ್ಲಿ? ‘ಎದೆಯೇ ಗರ್ಭಗುಡಿ’ ಎಂದು ಸಾಧಾರಣ ಕವಿ ಖಂಡಿತ ಬರೆಯುತ್ತಿದ್ದ. ವಚನದಲ್ಲಿ ಅದು ಇಲ್ಲ. ಆ ಜಾಗವನ್ನು ಕೇಳುವವನು ತಾನೇ ತುಂಬಿಕೊಳ್ಳುತ್ತಾನೆ.

ಹೊಳೆದಂಡೆ

ಹಾಗಾದರೆ ಹೃದಯ ಎಂಬ ಪದವನ್ನು ಬಹಿಷ್ಕರಿಸೋಣವೇ 🙂

ತಾಳೆಗರಿ

ಬೇಡ ಮಾರಾಯರೇ. ‘ಸಹೃದಯ’ ಬಿಟ್ಟು ನಾವು ವಿಮರ್ಶೆಯ ಒಂದು ವಾಕ್ಯ ಬರೆಯಲಾರೆವು. ಅಭಿನವಗುಪ್ತನ ವಿವರಣೆ ಬಲು ಪ್ರಾಯೋಗಿಕವಾದದ್ದು: ಕಾವ್ಯವನ್ನು ಮತ್ತೆ ಮತ್ತೆ ಓದಿ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿಸಿದ ವಸ್ತುವಿನಲ್ಲಿ ತನ್ಮಯನಾಗಬಲ್ಲವನು ಸಹೃದಯ. ಅಂದರೆ ಹೃದಯವಂತಿಕೆ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಬೇಂದ್ರೆಯವರ ಒಂದು ಸಂಕಲನದ ಹೆಸರೇ ‘ಹೃದಯಸಮುದ್ರ’. ಅಲ್ಲಿ ‘ಎದೆ’ ಕೂರುವುದಿಲ್ಲ, ಸಮುದ್ರ ಎಂಬ ಸಂಸ್ಕೃತ ಪದದ ಜೊತೆ ಸಮಾಸ ಆಗಬೇಕಲ್ಲ.

ಇದು ಹೊಸಬರು ಎಡವುವ ಜಾಗವೂ ಹೌದು. ಸಂಸ್ಕೃತಕ್ಕೆ ಸಂಸ್ಕೃತ, ಕನ್ನಡಕ್ಕೆ ಕನ್ನಡ. ಹೃದಯದ್ವಾರ, ಹೃತ್ಕಮಲ, ಹೃದ್ಗತ ಸರಿ. ಎದೆಗದ, ಎದೆಗೂಡು, ಎದೆಯಾಳ ಸರಿ. ‘ಹೃದಯಬಾಗಿಲು’, ‘ಎದೆಕಮಲ’ ಎಂದರೆ ಅರಿಸಮಾಸ. ವಿಭಕ್ತಿ ಹಚ್ಚಿ ‘ಹೃದಯದ ಬಾಗಿಲು’ ಎಂದರೆ ದೋಷವಿಲ್ಲ. ಹಳಬರು ಬಳಸಿದ ಅಪವಾದಗಳು ಇವೆ, ಆದರೆ ಅಪವಾದ ಮಾಡುವ ಮೊದಲು ನಿಯಮ ಗೊತ್ತಿರಲಿ. ಆಮಂತ್ರಣ ಪತ್ರಿಕೆಯವರಿಗೊಂದು ಮಾತು: ‘ಹೃತ್ಪೂರ್ವಕ’ದಲ್ಲಿ ‘ತ್’ ಇದೆ, ನುಂಗಬೇಡಿ.

ನವಿಲೂರ ಹಾದಿ

‘ಎದೆ ತುಂಬಿ ಹಾಡಿದೆನು’ ಅನ್ನೂದನ್ನ ‘ಹೃದಯ ತುಂಬಿ’ ಅಂತ ಹಾಡಿ ನೋಡ್ರಿ ಯಾರರೆ. ಉಸಿರs ಸಿಗೂದಿಲ್ಲ.

ಮಾತ್ರೆಗಣ

ಸಿಗುವುದಿಲ್ಲ, ಯಾಕೆಂದರೆ ಜಿ.ಎಸ್. ಶಿವರುದ್ರಪ್ಪನವರ ಆ ಸಾಲು ಐದರ ನಡೆ. ಎದೆ ತುಂಬಿ (5), ಹಾಡಿದೆನು (5). ‘ಹೃದಯ ತುಂಬಿ’ 6 ಆಗುತ್ತದೆ. ಅದಕ್ಕಿಂತ ಮುಖ್ಯ, ಹಾಡುವವನು ಮೊದಲು ತುಂಬಿಕೊಳ್ಳುವುದು ಗಾಳಿಯನ್ನು. ಭಾವ ತುಂಬುವುದೂ ಉಸಿರು ತುಂಬುವುದೂ ಒಂದೇ ಪದದಲ್ಲಿ ಆಗಿಹೋಗಿದೆ. ಹೃದಯದೊಳಗೆ ಗಾಳಿ ಹೋದರೆ ಆಸ್ಪತ್ರೆಗೆ ಸೇರಿಸಬೇಕು.

ವಾರ್ಡ್ ನಾಲ್ಕು

ನಿಜವಾಗಿಯೂ ಸೇರಿಸಬೇಕು, ಅದು ತುರ್ತು ಸ್ಥಿತಿ 🙂

ಆಸ್ಪತ್ರೆಯ ಮಾತು ಬಂದದ್ದರಿಂದ ಕಥೆ ಬರೆಯುವವರಿಗೆ ಒಂದಿಷ್ಟು. ಕನ್ನಡ ಕಥೆ-ಧಾರಾವಾಹಿಗಳಲ್ಲಿ ಹೃದಯಾಘಾತ ಎಂದರೆ ಅಪ್ಪ ಎಡಗೈಯಿಂದ ಎಡ ಎದೆ ಹಿಡಿದು ಕುಸಿದು ಬೀಳುವುದು. ಹೃದಯ ಇರುವುದು ಎದೆಯ ನಡುವೆ, ತುಸು ಎಡಕ್ಕೆ ವಾಲಿ, ಮುಷ್ಟಿಯಷ್ಟು ಗಾತ್ರ, ದೊಡ್ಡವರಲ್ಲಿ 250ರಿಂದ 350 ಗ್ರಾಂ. ನೋವು ಸಾಮಾನ್ಯವಾಗಿ ಎದೆಯ ನಡುಭಾಗದಲ್ಲಿ, ಚುಚ್ಚಿದಂತೆ ಅಲ್ಲ, ಭಾರ ಹೇರಿದಂತೆ, ಹಿಂಡಿದಂತೆ. ಎಡತೋಳು, ದವಡೆ, ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಏದುಸಿರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ವಾಕರಿಕೆ, ಸುಸ್ತು ಇರಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವ ಪಾತ್ರ ಕುಸಿದು ಬೀಳುವ ಪಾತ್ರಕ್ಕಿಂತ ಹೆಚ್ಚು ನಿಜ, ಹೆಚ್ಚು ಭಯಂಕರ. ಓದುಗನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದು ರಕ್ತನಾಳ ಕಟ್ಟಿಕೊಂಡದ್ದು, ಆಗ ಮನುಷ್ಯ ಮಾತಾಡುತ್ತಲೂ ಇರಬಹುದು. ಎರಡನೆಯದರಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸಿರುತ್ತದೆ, ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಎದೆ ಒತ್ತುವ ದೃಶ್ಯ ಬರೆಯುವುದಾದರೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಪಕ್ಕೆಲುಬು ಲಟಕ್ಕೆನ್ನಬಹುದು. ಸಿನಿಮಾದಲ್ಲಿ ತೋರಿಸುವಂತೆ ಮೃದುವಾಗಿ ಒತ್ತಿದರೆ ರಕ್ತ ಹರಿಯುವುದಿಲ್ಲ. ಇನ್ನೊಂದು ತಪ್ಪು: ಪರದೆಯ ಮೇಲೆ ಗೆರೆ ಚಪ್ಪಟೆಯಾದ ಕೂಡಲೇ ಶಾಕ್ ಕೊಡುವುದು. ಶಾಕ್ ಕೆಲಸ ಮಾಡುವುದು ಹೃದಯ ಅಡ್ಡಾದಿಡ್ಡಿ ಅದುರುತ್ತಿರುವಾಗ. ಚಪ್ಪಟೆ ಗೆರೆಗೆ ಶಾಕ್ ಕೊಡುವುದಿಲ್ಲ, ಎದೆ ಒತ್ತುತ್ತಾರೆ, ಔಷಧ ಕೊಡುತ್ತಾರೆ.

ಹೊಳೆದಂಡೆ

ಡಾಕ್ಟ್ರೇ, ದುಃಖದಿಂದ ಹೃದಯ ಒಡೆಯುವುದು ವೈದ್ಯಶಾಸ್ತ್ರದಲ್ಲಿ ಇದೆಯೇ?

ವಾರ್ಡ್ ನಾಲ್ಕು

ಒಡೆಯುವುದಲ್ಲ, ಉಬ್ಬುವುದು. ತಾಕೊತ್ಸುಬೊ ಎನ್ನುತ್ತಾರೆ. 1990ರ ಸುಮಾರಿಗೆ ಜಪಾನಿನ ವೈದ್ಯರು ವಿವರಿಸಿದ್ದು. ತಾಕೊ ಎಂದರೆ ಆಕ್ಟೋಪಸ್, ತ್ಸುಬೊ ಎಂದರೆ ಮಡಕೆ. ಆಕ್ಟೋಪಸ್ ಹಿಡಿಯುವ ಮಡಕೆಯ ಬಾಯಿ ಕಿರಿದು, ಹೊಟ್ಟೆ ಅಗಲ. ತೀವ್ರ ಆಘಾತದಲ್ಲಿ ಹೃದಯದ ಎಡ ಕೆಳಕೋಣೆಯ ತುದಿ ಹಾಗೆಯೇ ಉಬ್ಬುತ್ತದೆ. ಲಕ್ಷಣಗಳು ಹೃದಯಾಘಾತದಂತೆಯೇ ಇರುತ್ತವೆ, ಆದರೆ ರಕ್ತನಾಳದಲ್ಲಿ ಅದಕ್ಕೆ ತಕ್ಕ ಅಡಚಣೆ ಕಾಣುವುದಿಲ್ಲ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಹೃದಯ ಮೊದಲಿನ ಆಕಾರಕ್ಕೆ ಬರುತ್ತದೆ. ಅಂದರೆ ಕವಿಗಳು ಹೇಳುವ ಹದಿಹರೆಯದ ಪ್ರೇಮಿಗಿಂತ, ಐವತ್ತು ವರ್ಷ ಜೊತೆಗಿದ್ದ ಗಂಡನನ್ನು ಕಳೆದುಕೊಂಡ ಅಜ್ಜಿಗೆ ಈ ರೂಪಕ ಹೆಚ್ಚು ಸಲ್ಲುತ್ತದೆ.

ಇನ್ನೊಂದು, ಯಾರೂ ಬಳಸಿದ್ದು ಕಾಣದ ವಿವರ. 1967ರಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಸಲ ಮನುಷ್ಯನಿಗೆ ಮನುಷ್ಯನ ಹೃದಯ ಕಸಿ ಮಾಡಿದಾಗಿನಿಂದ ಕಥೆಗಾರರಿಗೆ ಒಂದೇ ಕಥೆ: ಕೊಟ್ಟವನ ಪ್ರೀತಿ ಪಡೆದವನಿಗೂ ಬರುವುದು. ಅದು ಕಲ್ಪನೆ. ವಾಸ್ತವ ಅದಕ್ಕಿಂತ ವಿಚಿತ್ರ. ಕಸಿಯಲ್ಲಿ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯುವುದಿಲ್ಲ. ಹೊಸ ಹೃದಯ ಮಿದುಳಿನ ಮಾತು ನೇರವಾಗಿ ಕೇಳುವುದಿಲ್ಲ. ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90ರಿಂದ 110 ಬಡಿತ. ಗಾಬರಿಯಾದರೆ, ಮೆಟ್ಟಿಲು ಹತ್ತಿದರೆ ತಕ್ಷಣ ಏರುವುದಿಲ್ಲ. ಅಡ್ರಿನಲಿನ್ ರಕ್ತದಲ್ಲಿ ಸುತ್ತಿ ಬಂದು ತಲುಪಬೇಕು, ಒಂದೆರಡು ನಿಮಿಷ ತಡ. ಗಾಬರಿ ಮುಗಿದ ಮೇಲೂ ಬೇಗ ಇಳಿಯುವುದಿಲ್ಲ. (ಕೆಲವರಲ್ಲಿ ವರ್ಷಗಳ ಮೇಲೆ ನರ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯುತ್ತದೆ.) ಪ್ರೀತಿಸಿದವಳು ಬಂದು ನಿಂತು, ಮಾತಾಡಿ, ಹೊರಟುಹೋದ ಮೇಲೆ ಎದೆ ಡವಡವ ಎನ್ನತೊಡಗುವ ಪಾತ್ರವೊಂದನ್ನು ಯಾರಾದರೂ ಬರೆಯಿರಿ.

ಅನುವಾದದ ಕೋಣೆ

ಇದು ಕಥೆಯೇ ಆಗಿಹೋಯಿತಲ್ಲ.

ಕಪ್ಪೆಚಿಪ್ಪು

‘ಡವಡವ’ ಬಗ್ಗೆ. ಕನ್ನಡದಲ್ಲಿ ಎದೆಯ ಸದ್ದುಗಳಿಗೆ ಲೆಕ್ಕವಿಲ್ಲ, ಒಂದಕ್ಕೊಂದು ಅದಲುಬದಲಾಗುವುದಿಲ್ಲ. ‘ಝಲ್’ ಎನ್ನುವುದು ಒಮ್ಮೆಲೇ, ತಣ್ಣಗೆ, ಕೆಟ್ಟ ಸುದ್ದಿಗೆ. ‘ಧಸಕ್’ ಎನ್ನುವುದು ಏನೋ ಕುಸಿದಂತೆ, ಕೈತಪ್ಪಿದ ಮೇಲೆ. ‘ಡವಡವ’ ಮುಂದೆ ಆಗಲಿರುವುದಕ್ಕೆ: ಪರೀಕ್ಷೆ, ಫಲಿತಾಂಶ, ಕತ್ತಲೆಯ ದಾರಿ. ‘ಚುರುಕ್’ ಎದೆಯದಲ್ಲ, ಕರುಳಿನದು. ‘ಸಾವಿನ ಸುದ್ದಿ ಕೇಳಿ ಎದೆ ಡವಡವ ಎಂದಿತು’ ಎಂದು ಬರೆದರೆ ಓದುಗನಿಗೆ ಏನೋ ತಪ್ಪಿದೆ ಎನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಸುದ್ದಿ ಬರುವ ಮೊದಲು ಡವಡವ, ಬಂದ ಕ್ಷಣ ಝಲ್, ಆಮೇಲೆ ಭಾರ.

ಗದ್ಯದಲ್ಲಿ ಇವೂ ಸವೆದಿವೆ. ಎದೆಯನ್ನೇ ಬಿಟ್ಟು ಪಕ್ಕದ ಜಾಗಕ್ಕೆ ಹೋಗುವುದು ಒಳ್ಳೆಯದು. ಒಣಗಿದ ನಾಲಗೆ, ಕಿವಿಯೊಳಗಿನ ಬಡಿತ, ಲೋಟ ಹಿಡಿದ ಕೈ, ಗಂಟಲಲ್ಲಿ ನಿಂತ ತುತ್ತು.

ನವಿಲೂರ ಹಾದಿ

ಗಜಲ್ ಬರಿಯೋರದು ಇನ್ನೊಂದು ಫಜೀತಿ. ಉರ್ದುದಾಗ ದಿಲ್ ಒಂದs ಅಲ್ಲ, ಜಿಗರ್ ಸೈತ ಐತಿ. ದಿಲ್ ಸೋಲತದ, ಜಿಗರ್ ತಡಕೊಂತದ. ಕನ್ನಡಕ್ಕ ತರೂವಾಗ ದಿಲ್ ‘ಹೃದಯ’ ಆಗತದ, ಜಿಗರ್ ಏನಾಗಬೇಕು? ‘ಪಿತ್ತಜನಕಾಂಗ’ ಅಂತ ಹಾಡಿದ್ರ ಮುಶಾಯಿರಾದಾಗ ಮಂದಿ ಎದ್ದು ಹೋಗ್ತಾರ. ಅಲ್ಲೆ ‘ಗುಂಡಿಗೆ’ ಹಾಕ್ರಿ, ಬರೋಬ್ಬರಿ ಕುಂದರತದ. ದಿಲ್‌ಗೆ ‘ಎದಿ’, ಜಿಗರ್‌ಗೆ ‘ಗುಂಡಿಗಿ’.

ಅನುವಾದದ ಕೋಣೆ

ಬಹುಮಟ್ಟಿಗೆ ಸರಿ ರೀ. ಜಿಗರ್ ಎಂದರೆ ಮಮತೆಯೂ ಬರುವ ಕಡೆ, ಮಗನನ್ನು ಜಿಗರಿನ ತುಂಡು ಎನ್ನುವಲ್ಲಿ, ನಮ್ಮ ‘ಕರುಳಕುಡಿ’ಯೇ ಬೇಕು. ಅಲ್ಲಿ ಗುಂಡಿಗೆ ನಡೆಯುವುದಿಲ್ಲ.

ಸಂಜೆಮಲ್ಲಿಗೆ

ಎಲ್ಲರ ಮಾತೂ ಓದಿ ಮತ್ತೆ ಬರೆದೆ. ಗಾಜು ಹೋಯಿತು, ಬಾಗಿಲು ಹೋಯಿತು, ದೀಪವೂ ಹೋಯಿತು. ‘ಹೃದಯ’ ಒಂದೂ ಉಳಿದಿಲ್ಲ. ಕಪ್ಪೆಚಿಪ್ಪು ಅವರ ತುತ್ತನ್ನು ಕೇಳದೆ ತೆಗೆದುಕೊಂಡಿದ್ದೇನೆ.

ನಿನ್ನ ಹೆಸರನು ಯಾರೊ ಕರೆದರು
ತುತ್ತು ನಿಂತಿತು ಗಂಟಲಲ್ಲಿ
ಎದೆಯ ಮೇಲಿನ ಕೈಯ ತೆಗೆದೆನು
ಬಡಿತ ಕೈಯಲಿ ಉಳಿದು ಹೋಯ್ತು

ಮಾತ್ರೆಗಣ

ಲೆಕ್ಕ ಶುದ್ಧ. ಒಂದು ಮತ್ತು ಮೂರನೆಯ ಸಾಲು 14, ಎರಡು ಮತ್ತು ನಾಲ್ಕನೆಯದು 13, ಕೊನೆಯ ಮಾತ್ರೆ ಉಸಿರಿಗೆ ಬಿಟ್ಟದ್ದು. ‘ದಾ’ ಇಲ್ಲ, ದೇವರ ದಯೆ.

ತಾಳೆಗರಿ

ಮೊದಲ ಸಾಲು ಚೆನ್ನಾಗಿದೆ. ಬೇರೆ ಯಾರನ್ನೋ ಅದೇ ಹೆಸರಿನಿಂದ ಕರೆದದ್ದು ತಾನೇ? ಅದನ್ನು ಹೇಳದೆ ಬಿಟ್ಟದ್ದು ಒಳ್ಳೆಯದಾಯಿತು. ನಾಲ್ಕನೆಯ ಸಾಲು ಮಾತ್ರ ಕೊಂಚ ಕವಿಸಮಯದಂತಿದೆ. ಎದೆಯಿಂದ ತೆಗೆದ ಕೈಯಲ್ಲಿ ಬಡಿತ ಹೇಗೆ ಉಳಿಯುತ್ತದೆ?

ವಾರ್ಡ್ ನಾಲ್ಕು

ಉಳಿಯುತ್ತದೆ. ಬೆರಳಿಗೂ ತನ್ನದೇ ನಾಡಿ ಇದೆ, ಹೆಬ್ಬೆರಳಿನಲ್ಲಿ ಜೋರು. ಅದಕ್ಕೇ ರೋಗಿಯ ನಾಡಿ ನೋಡುವಾಗ ಹೆಬ್ಬೆರಳು ಬಳಸಬೇಡಿ ಎಂದು ಮೊದಲ ವರ್ಷವೇ ಹೇಳಿಕೊಡುತ್ತಾರೆ. ನಮ್ಮದನ್ನೇ ಎಣಿಸಿ ಅವರದು ಎಂದು ಬರೆದುಬಿಡುತ್ತೇವೆ. ಗಾಬರಿಯಾದಾಗ ಬೆರಳ ತುದಿಯಲ್ಲಿ ಅದು ಚೆನ್ನಾಗಿಯೇ ತಿಳಿಯುತ್ತದೆ.

ಮಾತ್ರೆಗಣ

ಹಾಗಿದ್ದರೆ ‘ಕೈಯಲಿ’ ತೆಗೆದು ‘ಬೆರಳಲಿ’ ಹಾಕಿ. ಅದೂ 4 ಮಾತ್ರೆಯೇ. ಮೂರನೆಯ ಸಾಲಿನ ‘ಕೈಯ’ ಎರಡು ಸಲ ಬರುವುದೂ ತಪ್ಪುತ್ತದೆ.

ಸಂಜೆಮಲ್ಲಿಗೆ

ಬಡಿತ ಬೆರಳಲಿ ಉಳಿದು ಹೋಯ್ತು. ಹಾಕಿದೆ.